ಅಪ್ಪನ ರೇಡಿಯೋ, ನಮ್ಮ ಬ್ಯಾಂಡು

ಕಳೆದ ಭಾನುವಾರ ಮೊಮ್ಮಗ ಕೀಬೋರ್ಡ್ ನುಡಿಸುತ್ತಿದ್ದವನು ಥಟ್ಟನೆ ನಿಲ್ಲಿಸಿ ಕೇಳಿದ: "ತಾತ, ನೀನೂ ರಾಕ್ ಬ್ಯಾಂಡಲ್ಲಿ ಇದ್ಯಂತೆ, ಹೌದಾ? ಅಜ್ಜಿ ಹೇಳಿದ್ರು."

ಬ್ಯಾಂಕಿನಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಲೆಡ್ಜರ್ ಬರೆದವನು ನಾನು. ನನ್ನನ್ನು ನೋಡಿದರೆ ಯಾರೂ ನಂಬಲಾರರು. ಆದರೆ ಅಜ್ಜಿ ಹೇಳಿದ್ದು ನಿಜ. ಅವನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ.

ಅದು 1973. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ಮನೆ. ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ನಾವು ನಾಲ್ವರು ಗೆಳೆಯರು. ರೇಡಿಯೋ ಸಿಲೋನಿನಲ್ಲಿ ಬರುತ್ತಿದ್ದ ಇಂಗ್ಲಿಷ್ ಹಾಡುಗಳೆಂದರೆ ನಮಗೆ ಹುಚ್ಚು. ಶಾರ್ಟ್‌ವೇವ್ ಆದ್ದರಿಂದ ಹಾಡು ಅಲೆಯ ಹಾಗೆ ಹತ್ತಿರ ಬಂದು ದೂರ ಹೋಗುತ್ತಿತ್ತು. ಅರ್ಧ ಮಾತು ಕೇಳಿಸುತ್ತಿರಲಿಲ್ಲ, ಕೇಳಿಸಿದ್ದು ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಹಾಡುವವರಿಲ್ಲದ, ಬರೀ ವಾದ್ಯಗಳ ಬ್ಯಾಂಡ್ ಕಟ್ಟುವುದೆಂದು ತೀರ್ಮಾನಿಸಿದೆವು. ಇಂಗ್ಲೆಂಡಿನ 'ದಿ ಶ್ಯಾಡೋಸ್' ತಂಡ 1960ರಲ್ಲಿ ನುಡಿಸಿದ 'ಅಪಾಚೆ' ಎಂಬ ಗಿಟಾರ್ ಸಂಗೀತ ನಮ್ಮ ಮೊದಲ ಪಾಠ.

ಮನೆಯಲ್ಲಿ ವಿಷಯ ಹೇಳಿದಾಗ ಅಮ್ಮ ಗಾಬರಿಯಾದಳು. "ಮದುವೆ ಮೆರವಣಿಗೆ ಬ್ಯಾಂಡಿಗೆ ಸೇರಿಕೊಂಡ್ಯೇನೋ?" ಎಂದಳು. ನಮ್ಮ ಬೀದಿಗೆ ಗೊತ್ತಿದ್ದುದು ಅದೊಂದೇ ಬ್ಯಾಂಡು.

ನಮ್ಮ ಹತ್ತಿರ ಇದ್ದದ್ದು ಎರಡು ಹಳೆಯ ಗಿಟಾರ್, ಒಂದು ಬುಲ್‌ಬುಲ್ ತರಂಗ್, ಶಾಲೆಯೊಂದರಲ್ಲಿ ಮೂಲೆಗೆ ಬಿದ್ದಿದ್ದ ಒಂದು ಡ್ರಮ್. ಡ್ರಮ್ ನನ್ನ ಪಾಲಿಗೆ ಬಂತು. ಝಲ್ಲೆನ್ನುವ ಸಿಂಬಲ್ ಬೇಕಲ್ಲ? ಬಚ್ಚಲುಮನೆಯ ಹಿತ್ತಾಳೆ ಹಂಡೆಯ ಮುಚ್ಚಳವನ್ನು ದಾರ ಕಟ್ಟಿ ತೂಗುಹಾಕಿದೆ. ಅಮ್ಮ ಆ ಮುಚ್ಚಳವನ್ನು ಒಂದು ವಾರ ಹುಡುಕಿದಳು.

ಇನ್ನು ಗಿಟಾರಿನ ಸದ್ದು ದೊಡ್ಡದಾಗಬೇಕಾದರೆ ಆಂಪ್ಲಿಫೈಯರ್ ಬೇಕು. ಕೊಳ್ಳಲು ನಮ್ಮಲ್ಲಿ ಹಣವೆಲ್ಲಿ? ಪಾಲಿಟೆಕ್ನಿಕ್ ಓದುತ್ತಿದ್ದ ಗೆಳೆಯ ಒಂದು ಉಪಾಯ ಹೇಳಿದ. ಆಗಿನ ವಾಲ್ವ್ ರೇಡಿಯೋಗಳ ಹಿಂಬದಿಯಲ್ಲಿ ಗ್ರಾಮಫೋನ್ ಜೋಡಿಸಲು ಎರಡು ತೂತುಗಳಿರುತ್ತಿದ್ದವು. ಗಿಟಾರಿಗೆ ಪಿಕಪ್ ಎಂಬ ಸಣ್ಣ ಸಾಧನ ಹಾಕಿ, ಅದರ ತಂತಿಯನ್ನು ಆ ತೂತಿಗೆ ಸಿಕ್ಕಿಸಿದರೆ ಗಿಟಾರಿನ ದನಿ ರೇಡಿಯೋದಿಂದ ಬರುತ್ತದೆ!

ಅಂಥ ರೇಡಿಯೋ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದು ಅಪ್ಪನದು.

ಅಪ್ಪ ಶಾಲೆಯಲ್ಲಿ ಕನ್ನಡ ಪಂಡಿತರು. ರಾಮನವಮಿ ಬಂದರೆ ಕೋಟೆ ಹೈಸ್ಕೂಲಿನ ಕಚೇರಿಗಳನ್ನು ಟಿಕೆಟ್ ಇಲ್ಲದೆ ರಸ್ತೆಯಲ್ಲಿ ನಿಂತೇ ಕೇಳುವವರು. ಮಿಕ್ಕ ದಿನಗಳಲ್ಲಿ ಅವರಿಗೆ ರೇಡಿಯೋನೇ ಕಚೇರಿ, ಅದೇ ಪತ್ರಿಕೆ. ಆಗ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪ್ರತಿ ವರ್ಷ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಆ ಪುಸ್ತಕವನ್ನು ದೇವರ ಪಟದ ಹಿಂದೆ ಜೋಪಾನವಾಗಿಡುತ್ತಿದ್ದರು.

ಗಣೇಶನ ಹಬ್ಬಕ್ಕೆ ನಮ್ಮ ಬೀದಿಯ ಪೆಂಡಾಲಿನಲ್ಲಿ ನುಡಿಸಲು ಅವಕಾಶ ಸಿಕ್ಕಿತು. ಅಪ್ಪನನ್ನು ಕೇಳಿದರೆ ಕೊಡುವುದಿಲ್ಲವೆಂದು ನಾನೇ ತೀರ್ಮಾನಿಸಿಬಿಟ್ಟೆ. "ರೇಡಿಯೋ ಗರಗರ ಅಂತಿದೆ ಅಪ್ಪ, ರಿಪೇರಿಗೆ ಕೊಟ್ಟು ಬರ್ತೀನಿ" ಎಂದು ಸುಳ್ಳು ಹೇಳಿ, ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡು ಹೋದೆ.

ಆ ಸಂಜೆ ಪರದೆ ಸರಿಯಿತು. ಎರಡನೆಯ ಸಾಲಿನಲ್ಲಿ ಅಪ್ಪ ಕುಳಿತಿದ್ದರು. ವೇದಿಕೆಯ ನಟ್ಟನಡುವೆ ಸ್ಟೂಲಿನ ಮೇಲೆ ಅವರ ರೇಡಿಯೋ.

ನನ್ನ ಕೈ ತಣ್ಣಗಾಯಿತು. ಆದರೂ ಶುರು ಮಾಡಿದೆವು. ಜನರ ಗದ್ದಲದಲ್ಲಿ ಗಿಟಾರ್ ಕೇಳಿಸುವುದಿಲ್ಲವೆಂದು ಗೆಳೆಯ ರೇಡಿಯೋದ ಗುಂಡಿಯನ್ನು ಪೂರ್ತಿ ತಿರುಗಿಸಿದ. ಒಂದು ನಿಮಿಷ ಭರ್ಜರಿಯಾಗಿ ನಡೆಯಿತು. ಆಮೇಲೆ ಪರ್ ಎಂಬ ಸದ್ದು. ಸ್ಪೀಕರಿನೊಳಗೆ ಕಾಗದದ ಕೋನ್ ಇರುತ್ತದೆ. ಅದು ಅದುರಿದರೇ ನಮಗೆ ಸದ್ದು ಕೇಳಿಸುವುದು. ಅತಿಯಾಗಿ ಅದುರಿ ಅದು ಹರಿದುಹೋಗಿತ್ತು. ಗಿಟಾರಿನ ಬದಲು ಡಬ್ಬಿಯೊಳಗೆ ಸಿಕ್ಕಿದ ಜೀರುಂಡೆಯ ದನಿ ಬಂತು. ಜನ ಗೊಳ್ಳೆಂದು ನಕ್ಕರು.

ನಾನು ಬಾರಿಸುವುದನ್ನು ನಿಲ್ಲಿಸಲಿಲ್ಲ. ಧೈರ್ಯದಿಂದಲ್ಲ, ನಿಲ್ಲಿಸಿದರೆ ಅಪ್ಪನ ಮುಖ ನೋಡಬೇಕಾಗುತ್ತದೆಂಬ ಭಯದಿಂದ. ಬುಲ್‌ಬುಲ್ ಗೆಳೆಯ ಜಾಣ. ಆಗ ತಾನೇ ಊರೆಲ್ಲ ಗುನುಗುತ್ತಿದ್ದ 'ನಾಗರಹಾವು' ಚಿತ್ರದ ಹಾಡೊಂದನ್ನು ನನ್ನ ತಾಳಕ್ಕೆ ಹೊಂದಿಸಿ ನುಡಿಸಿದ. ಹೇಗೋ ಮಾನ ಉಳಿಯಿತು.

ಮನೆಯಲ್ಲಿ ಅಪ್ಪ ಬೈಯಲಿಲ್ಲ. "ತಾಳ ತಪ್ಪಲಿಲ್ಲ" ಎಂದರು. ಅಷ್ಟೇ. ರೇಡಿಯೋದ ಮಾತೇ ಎತ್ತಲಿಲ್ಲ. ನಾನು ಹೇಳಿದ ಸುಳ್ಳು ಈಗ ನಿಜವಾಗಿತ್ತು. ರೇಡಿಯೋಗೆ ರಿಪೇರಿ ಬೇಕಿತ್ತು, ನನ್ನ ಜೇಬಿನಲ್ಲಿ ಕಾಸಿರಲಿಲ್ಲ.

ಹೀಗೆ ಎರಡು ತಿಂಗಳು ಕಳೆಯಿತು. ನವೆಂಬರ್ 1 ಬಂತು. ಮಕ್ಕಳೇ, ನಮ್ಮ ರಾಜ್ಯ ಒಂದುಗೂಡಿದ್ದು 1956ರ ನವೆಂಬರ್ 1ರಂದು. ಆದರೂ ಹದಿನೇಳು ವರ್ಷ ಅದರ ಹೆಸರು ಮೈಸೂರು ರಾಜ್ಯ ಎಂದೇ ಇತ್ತು. 1973ರ ಆ ದಿನ ಅದು ಕರ್ನಾಟಕವಾಯಿತು. ಅಪ್ಪ ಎಷ್ಟೋ ವರ್ಷಗಳಿಂದ ಕಾದಿದ್ದ ದಿನ ಅದು.

ಸಂಜೆ ಅಪ್ಪ ಮನೆಯಲ್ಲಿರಲಿಲ್ಲ. ಹುಡುಕಿಕೊಂಡು ಹೋದೆ. ಆಗ ಪಾರ್ಕುಗಳಲ್ಲಿ ಸಾರ್ವಜನಿಕರಿಗಾಗಿ ರೇಡಿಯೋ ಹಾಕುತ್ತಿದ್ದರು. ನಮ್ಮ ಪಾರ್ಕಿನ ಕಲ್ಲುಬೆಂಚಿನ ಮೇಲೆ ಶಾಲು ಹೊದ್ದು, ಕಿವಿಗೆ ಅಂಗೈ ಆನಿಸಿ, ಅಪ್ಪ ಕನ್ನಡ ವಾರ್ತೆ ಕೇಳುತ್ತಿದ್ದರು. ಸುತ್ತ ಮಕ್ಕಳ ಗಲಾಟೆ. ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು.

ನಾನು ಹತ್ತಿರ ಹೋಗಲಾರದೆ ಮರದ ಹಿಂದೆ ನಿಂತೆ. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಗೆಳೆಯರಿಗೆ ಇದನ್ನು ಹೇಳಿದೆ. ಡಿಸೆಂಬರಿನಲ್ಲಿ ಒಂದು ಮದುವೆಯ ಆರತಕ್ಷತೆಯಲ್ಲಿ ನುಡಿಸಿದೆವು. ನಮ್ಮ ಬ್ಯಾಂಡಿನ ಮೊದಲ ಸಂಪಾದನೆ 80 ರೂಪಾಯಿ. ತಲೆಗೆ 20. ನಾನು ನನ್ನ ಪಾಲನ್ನು ಜೇಬಿಗಿಳಿಸುವಷ್ಟರಲ್ಲಿ ಮೂವರೂ ತಮ್ಮ ನೋಟುಗಳನ್ನು ನನ್ನ ಕೈಗಿಟ್ಟರು. "ಮೊದಲು ನಿಮ್ಮಪ್ಪನ ರೇಡಿಯೋ" ಎಂದರು. ಮರುದಿನವೇ ಎಸ್.ಪಿ. ರಸ್ತೆಯಿಂದ ಸ್ಪೀಕರ್ ತಂದು ಪಾಲಿಟೆಕ್ನಿಕ್ ಗೆಳೆಯ ಕೂರಿಸಿದ.

ರೇಡಿಯೋ ಬಿಸಿಯಾಗಿ ದನಿ ಹೊರಟಾಗ ಅಪ್ಪ ಬಹಳ ಹೊತ್ತು ಸುಮ್ಮನೆ ಕೇಳಿದರು. "ತಪ್ಪಾಯ್ತಪ್ಪ" ಎಂದೆ. ಅವರು ನನ್ನತ್ತ ತಿರುಗಿ, "ಮುಂದಿನ ಸಲ ಹೇಳಿ ತಗೊಂಡು ಹೋಗು. ನಾನು ಬೇಡ ಅಂತಿದ್ದೆನೇನೋ?" ಎಂದರು.

ಮುಂದಿನ ವರ್ಷದ ಗಣೇಶನ ಹಬ್ಬಕ್ಕೆ ರೇಡಿಯೋ ಮತ್ತೆ ವೇದಿಕೆ ಹತ್ತಿತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದವರು ಅಪ್ಪ. ಯಾರೂ ಗುಂಡಿಯನ್ನು ಪೂರ್ತಿ ತಿರುಗಿಸದ ಹಾಗೆ ಅದರ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಅವರ ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಆಮೇಲೆ ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಗೆಳೆಯರು ಒಬ್ಬೊಬ್ಬರು ಒಂದೊಂದು ಊರಿಗೆ ಹೋದರು. ಬ್ಯಾಂಡ್ ತಾನಾಗಿ ನಿಂತಿತು.

ಕಥೆ ಮುಗಿದ ಮೇಲೆ ಮೊಮ್ಮಗ ಸ್ವಲ್ಪ ಯೋಚಿಸಿ, "ತಾತ, ಆ ಹಂಡೆ ಮುಚ್ಚಳ ಈಗ್ಲೂ ಇದ್ಯಾ?" ಎಂದ.

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು: "ಇದೆ. ಬೇಕಾದ್ರೆ ಕೇಳಿ ತಗೊಳ್ಳಿ."