ಬೆಳ್ಳಿಯ ಬುಡದ ಬರಹ

ತುಂಗೆಯ ದಡದ ಶಿವಮೊಗ್ಗದಲ್ಲಿ ಮದುವೆಯ ಮನೆಯವರು ಗಾಂಧಿ ಬಜಾರಿಗೆ ಬಾರದೆ ಇರುವುದುಂಟೆ? ಹೊಸ ದೀಪದ ಕಂಬವನ್ನು ಕೊಳ್ಳಬಂದವರ ಚೀಲದಲ್ಲಿ ಅಜ್ಜಿಯ ಕಾಲದ ಪನ್ನೀರುದಾನಿಯೋ ಕುಂಕುಮದ ಭರಣಿಯೋ ಇರುತ್ತದೆ. ತಕ್ಕಡಿಯು ಅದರ ತೂಕವನ್ನಷ್ಟೇ ಬಲ್ಲದು. ಅದರ ಹುಟ್ಟನ್ನು ಹೇಳುವುದು ಬುಡದಲ್ಲಿರುವ ಪುಟ್ಟ ಮುದ್ರೆ. ಮೂಸೆಯಲ್ಲಿ ಮೊದಲು ಅಳಿಯುವುದೂ ಅದೇ.

ಮುದ್ರೆಯಿಂದ ಒಡೆಯನನ್ನು ಗುರುತಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಇಕ್ಕೇರಿಯ ಚಿನ್ನದ ವರಹದ ಒಂದು ಮುಖದಲ್ಲಿ ಉಮಾಮಹೇಶ್ವರರು. ಇನ್ನೊಂದರಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ತನ್ನ ವರಹದಲ್ಲಿಯೂ ದೇವರ ಚಿತ್ರವನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಪಾರಸಿ ಲಿಪಿಯಲ್ಲಿ ಒತ್ತಿಸಿದನು. ನಾಣ್ಯವನ್ನು ಮಗುಚಿ ನೋಡದವನಿಗೆ ರಾಜ್ಯ ಕೈಬದಲಾದುದು ತಿಳಿಯುವಂತಿರಲಿಲ್ಲ!

ಬೆಳ್ಳಿಯ ಸಾಮಾನಿನ ಮಾತೂ ಹಾಗೆಯೇ. ಇಂಗ್ಲೆಂಡಿನ ಪರೀಕ್ಷಾಲಯಗಳು ಒತ್ತಿದ ನಡೆಯುವ ಸಿಂಹವು ಸಾವಿರಕ್ಕೆ 925 ಪಾಲು ಬೆಳ್ಳಿಗೆ ಸಾಕ್ಷಿ. ಜೊತೆಗಿರುವ ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು. ಆಂಗ್ಲರ ಆಳ್ವಿಕೆಯ ಭಾರತದಲ್ಲಿ ಅಂತಹ ಕಡ್ಡಾಯ ಪರೀಕ್ಷೆ ಇಲ್ಲದುದರಿಂದ ತಯಾರಕನ ಹೆಸರೇ ಹೊಣೆಯಾಗಿತ್ತು. ಮದರಾಸಿನ ಪಿ. ಓರ್ ಅಂಡ್ ಸನ್ಸ್ ತಮ್ಮ ಹೆಸರನ್ನು ಒತ್ತುತ್ತಿದ್ದರು. ಕಛ್ ಸೀಮೆಯ ಭುಜ್ ನಗರದ ಉಮರ್ಸಿ ಮಾವಜಿಯ ಗುರುತು ‘ಓ. ಎಂ.’ ಎಂಬ ಎರಡೇ ಅಕ್ಷರ. ‘ಇ.ಪಿ.ಎನ್.ಎಸ್.’ ಎಂದಿದ್ದರೆ ಮಾತ್ರ ಮೋಸಹೋಗಬಾರದು. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಲೋಹಕ್ಕೆ ಕೊಟ್ಟ ಬೆಳ್ಳಿಯ ತೆಳುಲೇಪ.

ಮೆತ್ತನೆಯ ಬೆಳ್ಳಿಗೆ ಅಕ್ಷರ ಕಲಿಸಲು ಗಡುಸಾದ ಉಕ್ಕು ಬೇಕು. ಉಕ್ಕಿನ ಊರು ಶಿವಮೊಗ್ಗಕ್ಕೆ ಸುಮಾರು 20 ಕಿಲೋಮೀಟರ್ ದೂರದ ಭದ್ರಾವತಿ. ಹಿಂದೆ ಬೆಂಕಿಪುರವೆನಿಸಿದ್ದ ಇಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿತು; ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು ಮಿಶ್ರಲೋಹದ ಉಕ್ಕಿಗೂ ಹೆಸರಾಯಿತು. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕೊರೆದು, ಕಾಸಿ ತಣಿಸಿ ಗಡುಸುಗೊಳಿಸಿದರೆ ಅಚ್ಚು ಸಿದ್ಧ. ಸುತ್ತಿಗೆಯ ಪೆಟ್ಟಿನಿಂದ ಮೂಡಿದ ಗುರುತಿನ ಅಂಚು ಚೂಪಾಗಿರುತ್ತದೆ. ಅಸಲಿನಿಂದ ಪಡಿಯಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಅದೇ ಗುರುತು ಮಸುಕಾಗಿ, ಸೂಜಿಮೊನೆಯಂತಹ ಗುಳಿಗಳಿಂದ ಕೂಡಿರುವುದುಂಟು. ಭೂತಗನ್ನಡಿಯನ್ನು ಹಿಡಿದು ಓರೆಬೆಳಕಿನಲ್ಲಿ ನೋಡಿದರೆ ಈ ಭೇದ ತಿಳಿಯುತ್ತದೆ. ಹಬ್ಬ ಬಂದಾಗಲೆಲ್ಲ ವಿಭೂತಿಯಿಂದ ಬುಡವನ್ನು ಬಲವಾಗಿ ತಿಕ್ಕಿದರೆ ಅಸಲಿ ಅಕ್ಷರವೂ ಸವೆದುಹೋಗುವುದು.

ಹೊಸ ಬೆಳ್ಳಿಗೆ 2005ರಿಂದ ಭಾರತೀಯ ಮಾನಕ ಬ್ಯೂರೋದ ಹಾಲ್‌ಮಾರ್ಕ್ ಉಂಟು. 2025ರ ಸೆಪ್ಟೆಂಬರ್ 1ರಿಂದ ಅದರೊಡನೆ ಆರು ಅಕ್ಷರಾಂಕಗಳ ಗುರುತುಸಂಖ್ಯೆಯೂ ಸೇರಿದೆ. ಮನೆಯ ಹಳೆಯ ಬೆಳ್ಳಿಯಲ್ಲಿ ಎಷ್ಟೋ ವೇಳೆ ತಯಾರಕನ ಮುದ್ರೆಯೇ ಇರುವುದಿಲ್ಲ. ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಕಂಡರೆ ಅದು ಅಕ್ಕಸಾಲಿಯದೆಂದು ತಿಳಿಯಬಾರದು. ತವರಿನಿಂದ ಉಡುಗೊರೆ ಕೊಟ್ಟವರದೋ, ಕೊಂಡು ಬಳಸಿದವರದೋ ಆಗಿರುತ್ತದೆ. ಸಂಗ್ರಾಹಕರು ಅದಕ್ಕೆ ಹೆಚ್ಚು ಬೆಲೆ ಕಟ್ಟಲಿಕ್ಕಿಲ್ಲ. ಆದರೆ ಅಜ್ಜಿಯ ಹೆಸರು ಲೋಹದಲ್ಲಿ ಉಳಿದಿರುವುದು ಬಹುಶಃ ಅದೊಂದೇ ಕಡೆ. ತಕ್ಕಡಿಗೆ ಇಡುವ ಮುನ್ನ ಪಾತ್ರೆಯನ್ನೊಮ್ಮೆ ಮಗುಚಿ, ಮಕ್ಕಳಿಗೆ ಅದನ್ನು ಓದಿ ಹೇಳಬೇಕು.