ಉತ್ಸರ್ಗವೂ ಅಪವಾದವೂ

ನಿವೃತ್ತನಾದ ಬಳಿಕ ಮಗಳ ಕ್ಯಾಂಪರ್ ವ್ಯಾನಿನಲ್ಲಿ ನಾಡನ್ನು ಸುತ್ತುವ ಭಾಗ್ಯವು ನನಗೊದಗಿರುವುದು. ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನು ಹೊತ್ತ ಇದು ಚಕ್ರಗಳುಳ್ಳ ಗೃಹವೇ ಸರಿ. ಇದರಲ್ಲಿ ಗೇರನ್ನು ಕೈಯಿಂದಲೇ ಬದಲಿಸತಕ್ಕದ್ದು. ಎಂಜಿನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಬದಲಿಸಬೇಕೆಂಬುದೇ ಪ್ರಶ್ನೆ.

ಸಮತಲದಲ್ಲಿ ನಮ್ಮ ಡೀಸೆಲ್ ಎಂಜಿನಿಗೆ ಸುಮಾರು 2000 ಎಂಬುದು ಸಾಮಾನ್ಯ ನಿಯಮ. ಆದರೆ ವ್ಯಾಕರಣದಲ್ಲಿ ಉತ್ಸರ್ಗಕ್ಕೆ ಅಪವಾದವಿರುವಂತೆ ಇದಕ್ಕೂ ಒಂದು ಅಪವಾದವುಂಟು, ಅದು ಘಟ್ಟ. ಎರಡನೆಯ ಗೇರಿನ ಪ್ರಮಾಣವು 2.4, ಮೂರನೆಯದು 1.5 ಎಂದಿಟ್ಟುಕೊಳ್ಳೋಣ. 2000ದಲ್ಲಿ ಮೇಲಿನ ಗೇರಿಗೆ ಹೋದರೆ ಸುತ್ತುಗಳು 1250ಕ್ಕೆ ಇಳಿಯುವುವು. ಸಮತಲದಲ್ಲಿ ಎಂಜಿನು ಬೇಗನೆ ಚೇತರಿಸಿಕೊಳ್ಳುವುದು. ಏರಿನಲ್ಲಾದರೋ, ಕ್ಲಚ್ಚನ್ನು ಒತ್ತಿದ ಕ್ಷಣದಲ್ಲೇ ವೇಗವು ಕುಂದಿ, ಬಲವು ಸಾಲದೆ ಎಂಜಿನು ನಡುಗತೊಡಗುವುದು. 2800ರವರೆಗೆ ಕಾದರೆ 1750 ದೊರೆಯುವುದು. ಆ ನಷ್ಟವನ್ನು ಕಳೆದರೂ ಎಳೆಯುವ ಶಕ್ತಿ ಉಳಿಯುವುದು.

ಸೋಮೇಶ್ವರದಿಂದ ಆಗುಂಬೆಗೆ ಏರುವ 14 ಕಡಿದಾದ ತಿರುವುಗಳಲ್ಲಿ ಸೂಚಕದ ಮುಳ್ಳನ್ನು ನೋಡಲು ಅವಕಾಶವೆಲ್ಲಿ? ಮಗಳು ಧ್ವನಿಯನ್ನೇ ಆಲಿಸುವಳು. ವೇದಪಾಠದಲ್ಲಿ ಸ್ವರವು ಜಾರಿದುದನ್ನು ಕಿವಿಯು ಗ್ರಹಿಸುವಂತೆ, ಎಂಜಿನಿನ ದನಿಯು ತಗ್ಗಿದೊಡನೆ ಅವಳ ಕೈ ಕೆಳಗಿನ ಗೇರಿಗೆ ಸರಿಯುವುದು.

ಇಳಿಜಾರಿನ ನ್ಯಾಯವೇ ಬೇರೆ. ಸದಾ ಬ್ರೇಕನ್ನು ಒತ್ತುತ್ತಿದ್ದರೆ ಅದು ಕಾದು ಹಿಡಿತವನ್ನು ಕಳೆದುಕೊಳ್ಳುವುದು. ಆದುದರಿಂದ ಇಳಿಯುವ ಮೊದಲೇ ಕೆಳಗಿನ ಗೇರನ್ನು ಹಿಡಿದು, ಎಂಜಿನೇ ಭಾರವನ್ನು ತಡೆಯುವಂತೆ ಮಾಡಬೇಕು. ಆಗ ಅದು 3000 ಸುತ್ತುಗಳಲ್ಲಿ ಮೊರೆಯಬಹುದು. ಹಿಂದಿನ ಪೀಠದಲ್ಲಿ ಮೊಮ್ಮಕ್ಕಳು ತೂಕಡಿಸುತ್ತಿರುವಾಗ ಆ ಮೊರೆತವು ನನಗೆ ಕರ್ಕಶವೆನಿಸದು, ಅಭಯವಚನವೆನಿಸುವುದು.