ಎರಡೂ ಡಾಲರೇ ಅಲ್ವಾ?

ಮೂರನೇ ಸೆಮ್‌ನಲ್ಲಿ ಡೇಟಾ ಲ್ಯಾಬ್‌ಗೆ ಒಂದು ಮಿನಿ ಪ್ರಾಜೆಕ್ಟ್ ಇತ್ತು. ಐಪಿಎಲ್, ಚಿನ್ನದ ರೇಟು ಎಲ್ಲಾ ಬೇರೆಯವರು ಹೊಡ್ಕೊಂಡ ಮೇಲೆ ನಮ್ಮ ಇಬ್ಬರ ಟೀಮ್‌ಗೆ ಉಳಿದಿದ್ದು ಕೆನಡಾ ಮತ್ತು ಅಮೆರಿಕದ ಸಾಫ್ಟ್‌ವುಡ್ ರಫ್ತಿನ ಮೌಲ್ಯ. ಪೈನ್, ಸ್ಪ್ರೂಸ್, ಫರ್ ಮರದ ಹಲಗೆಗಳು. ಅಲ್ಲಿ ಹೆಚ್ಚಿನ ಮನೆಗಳು ನಿಲ್ಲೋದೇ ಇವುಗಳ ಚೌಕಟ್ಟಿನ ಮೇಲೆ. ನಮ್ಮ ಮಾವ ಬಡಗಿ. ಫೋನಲ್ಲಿ ಹೇಳಿದ್ರೆ, "ಪೈನಾ? ಪ್ಯಾಕಿಂಗ್ ಬಾಕ್ಸ್‌ಗೆ ಹಾಕ್ತಾರಲ್ಲೋ ಅದಾ? ಅದರಲ್ಲಿ ಮನೆ ಕಟ್ತಾರಾ?" ಅಂತ ನಕ್ಕರು.

ಈ ಹಲಗೆಗಾಗಿ ಎರಡು ದೇಶಗಳು 1982ರಿಂದ ಕಿತ್ತಾಡ್ತಿವೆ. ಕೆನಡಾದಲ್ಲಿ ಕಾಡು ಬಹುಪಾಲು ಪ್ರಾಂತ್ಯ ಸರ್ಕಾರಗಳದ್ದು, ಮರ ಕಡಿಯೋಕೆ ಸರ್ಕಾರವೇ ಶುಲ್ಕ ನಿಗದಿ ಮಾಡುತ್ತೆ. ಅಮೆರಿಕದಲ್ಲಿ ಹೆಚ್ಚಿನ ಮರ ಬರೋದು ಖಾಸಗಿ ಜಮೀನಿನಿಂದ. "ನಿಮ್ಮ ಶುಲ್ಕ ತೀರಾ ಕಡಿಮೆ, ಅದು ಸಬ್ಸಿಡಿ" ಅನ್ನೋದು ಅಮೆರಿಕದ ಮಿಲ್‌ಗಳ ವಾದ. ಕೆನಡಾ ಒಪ್ಪಲ್ಲ. 2006ರಲ್ಲಿ ಒಂದು ಒಪ್ಪಂದ ಆಯ್ತು, 2015ರ ಅಕ್ಟೋಬರ್‌ನಲ್ಲಿ ಮುಗೀತು. 2017ರಲ್ಲಿ ಮತ್ತೆ ಸುಂಕ.

2012 ಅನ್ನು 100 ಅಂತ ಇಟ್ಟುಕೊಂಡು ಎರಡು ಗೆರೆ ಎಳೆದೆವು. ಡೇಟಾ ಸೇರಿಸಿದ್ದು ನಾನು. ಕೆನಡಾದ ಗೆರೆ 2014ರ ನಂತರ ಚೆನ್ನಾಗಿ ಮೇಲೇರಿತ್ತು. "ಒಪ್ಪಂದ ಮುಗಿದರೂ ಕೆನಡಾಗೆ ಬಿಸಿ ತಟ್ಟಲಿಲ್ಲ" ಅಂತ ಕೊನೇ ಸ್ಲೈಡ್. ಚಪ್ಪಾಳೆ, 25ಕ್ಕೆ 24.

ಮೂರು ದಿನ ಬಿಟ್ಟು ಫೈಲ್ ಕ್ಲೀನ್ ಮಾಡ್ತಾ ಕಾಲಂ ಹೆಡಿಂಗ್ ಓದಿದೆ. ಅಮೆರಿಕದ ಲೆಕ್ಕ ಅಮೆರಿಕನ್ ಡಾಲರ್‌ನಲ್ಲಿ, ಕೆನಡಾದ್ದು ಕೆನಡಿಯನ್ ಡಾಲರ್‌ನಲ್ಲಿ. ನಾನು ಚೆಕ್ ಮಾಡದೆ ಇರಲಿಲ್ಲ. 2012ರ ಅಂಕಿಗಳನ್ನು ಎರಡೂ ಕಡೆ ತಾಳೆ ನೋಡಿದ್ದೆ, ಹೊಂದಿಕೊಂಡಿದ್ದವು. ಯಾಕಂದ್ರೆ ಆ ವರ್ಷ ಎರಡು ಡಾಲರ್‌ಗಳ ಬೆಲೆ ಹೆಚ್ಚುಕಮ್ಮಿ ಸಮ! ನನ್ನ ಗ್ರಹಚಾರ, ಅದೇ ವರ್ಷ ಆರಿಸಿದ್ದೆ. 2016ರ ಹೊತ್ತಿಗೆ ಕೆನಡಾದ ಡಾಲರ್ ಸುಮಾರು 75 ಅಮೆರಿಕನ್ ಸೆಂಟ್‌ಗೆ ಇಳಿದಿತ್ತು. ಅಂದ್ರೆ 100 ಡಾಲರ್‌ನ ಹಲಗೆ ನಮ್ಮ ಗ್ರಾಫ್‌ನಲ್ಲಿ 132ರ ಆಸುಪಾಸು. ಏರಿದ್ದರಲ್ಲಿ ದೊಡ್ಡ ಪಾಲು ಮರ ಅಲ್ಲ, ಕರೆನ್ಸಿ.

ಪಾರ್ಟ್ನರ್‌ಗೆ ಹೇಳಿದೆ. "ಎರಡೂ ಡಾಲರೇ ಅಲ್ವಾ ಮಗಾ? ಮಾರ್ಕ್ಸ್ ಹಾಕಾಯ್ತು, ಬಿಡು." ಅವನಿಗೆ ಹಿಂದಿನ ಸೆಮ್‌ದು ಒಂದು ಬ್ಯಾಕ್ ಇದೆ, ಆ 24 ನನಗಿಂತ ಅವನಿಗೆ ಬೇಕು. ಒಂದು ರಾತ್ರಿ ಸುಮ್ಮನಿದ್ದೆ. ಗ್ರಾಫ್‌ನ ಸ್ಕ್ರೀನ್‌ಶಾಟ್ ಜೂನಿಯರ್ಸ್ ಗ್ರೂಪ್‌ಗೂ ಹೋಗಿತ್ತು, ಅದು ಕಾಡ್ತು. ಬೆಳಿಗ್ಗೆ ಮೇಡಂ ಹತ್ತಿರ ಹೋಗಿ, ಡೇಟಾ ಭಾಗ ನನ್ನದು, ತಪ್ಪೂ ನನ್ನದು ಅಂದೆ.

ಅವರು ಬೈಯಲಿಲ್ಲ. 2021ರ ದೊಡ್ಡ ಶಿಖರದ ಮೇಲೆ ಪೆನ್ ಇಟ್ಟು, "ಇದು ಮರಾನಾ, ಬೆಲೆನಾ?" ಅಂದ್ರು. ಅದೂ ಗೊತ್ತಿರಲಿಲ್ಲ. ಕೋವಿಡ್‌ಗೆ ಮುಂಚೆ ಸಾವಿರ ಬೋರ್ಡ್ ಫೀಟ್‌ಗೆ 400 ಡಾಲರ್ ಆಸುಪಾಸಿದ್ದ ಫ್ಯೂಚರ್ಸ್ ದರ 2021ರ ಮೇನಲ್ಲಿ 1,600 ದಾಟಿತ್ತಂತೆ. (12 ಬೋರ್ಡ್ ಫೀಟ್ ಅಂದ್ರೆ ಮಾವನ ಒಂದು ಸಿಎಫ್‌ಟಿ.) ಮೌಲ್ಯ ಅಂದ್ರೆ ಬೆಲೆ ಗುಣಿಸು ಪ್ರಮಾಣ. ನಾವು ಪ್ರಮಾಣದ ಕಾಲಂ ಡೌನ್‌ಲೋಡೇ ಮಾಡಿರಲಿಲ್ಲ.

ನನ್ನದು 21 ಆಯ್ತು. ಅವನ 24 ಹಾಗೇ ಉಳೀತು. ಆದರೂ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಮೆಸ್‌ನಲ್ಲಿ ಎದುರಿಗೆ ತಟ್ಟೆ ಇಟ್ಟು, "ಆ ಕ್ವಾಂಟಿಟಿ ಕಾಲಂ ಸಿಕ್ತಾ? ಕಳ್ಸು" ಅಂದ.